ಪಿಕಪ್ ಗಾಡಿ ಅಡ್ಡ ಹೋಗುತ್ತಿದೆಯೇ? ಹಿಂದಿನ ಆಕ್ಸಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಶೆಡ್ ಇರುವುದು ಬೆಂಗಳೂರಿನ ಗೊರಗುಂಟೆಪಾಳ್ಯದ ಹತ್ತಿರ. ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ತರುವ ಪಿಕಪ್‌ಗಳು, ಪೀಣ್ಯದಿಂದ ಕಬ್ಬಿಣದ ಸಾಮಾನು ತುಂಬಿಕೊಂಡು ಹೊರಡುವವು, ಎಲ್ಲವೂ ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬರುತ್ತವೆ. "ಅಣ್ಣಾ, ಗಾಡಿ ಎಳೀತಿದೆ, ಅಲೈನ್‌ಮೆಂಟ್ ಮಾಡಿಸಿದ್ರೂ ನಿಲ್ತಿಲ್ಲ" ಅನ್ನುವ ಮಾತು ವಾರಕ್ಕೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಿಂದಿನ ಆಕ್ಸಲ್ ಓರೆಯಾಗುವುದು ಅಂದರೆ ಏನು? ಅಷ್ಟು ಭಾರದ ಹೌಸಿಂಗ್ (ಆಕ್ಸಲಿನ ಹೊರಗಿನ ಕಬ್ಬಿಣದ ಕವಚ) ಹೇಗೆ ಸರಿಯುತ್ತೆ?

ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಅಚ್ಚು ಮೂಕಿಮರಕ್ಕೆ ಸರಿಯಾಗಿ ಅಡ್ಡಕ್ಕೆ ಕೂತಿದ್ದರೆ ಗಾಡಿ ಎತ್ತಿನ ಹಿಂದೆ ನೆಟ್ಟಗೆ ಬರುತ್ತದೆ. ಅಚ್ಚಿನ ಒಂದು ತುದಿ ಎರಡು ಬೆರಳು ಹಿಂದೆ ಸರಿದರೆ ಎತ್ತು ನೇರ ನಡೆದರೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಪಿಕಪ್‌ನಲ್ಲಿ ಆಗುವುದೂ ಅದೇ.

ಬೊಲೆರೊ ಪಿಕಪ್ ಆಗಲಿ, ಟಾಟಾ ಏಸ್ ಆಗಲಿ, ಅಶೋಕ್ ಲೇಲ್ಯಾಂಡ್ ದೋಸ್ತ್ ಆಗಲಿ, ಹಿಂದುಗಡೆ ಎಲ್ಲಕ್ಕೂ ಪ್ಲೇಟ್ ಸೆಟ್ಟೇ, ಅಂದರೆ ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್ ಪಟ್ಟಿಗಳು, ಎಡಕ್ಕೊಂದು ಕಟ್ಟು ಬಲಕ್ಕೊಂದು ಕಟ್ಟು. ಆಕ್ಸಲನ್ನು ಚಾಸಿಗೆ ಹಿಡಿದಿಡುವುದು ಆ ಎರಡು ಪ್ಲೇಟ್ ಸೆಟ್‌ಗಳು ಮಾತ್ರ. ಪ್ಲೇಟುಗಳ ನಟ್ಟನಡುವೆ ಒಂದು ಸೆಂಟರ್ ಬೋಲ್ಟ್ ತೂರಿರುತ್ತದೆ. ಅದರ ದುಂಡು ತಲೆ ಆಕ್ಸಲ್ ಮೇಲೆ ಪ್ಲೇಟಿಗೆಂದು ಇರುವ ಸೀಟಿನ ತೂತಿನಲ್ಲಿ ಕೂರುತ್ತದೆ. ಆಕ್ಸಲ್ ಇರಬೇಕಾದ ಜಾಗವನ್ನು ತೋರಿಸುವುದು ಈ ತಲೆ. ಆದರೆ ಭಾರ ತಡೆಯುವುದು ಅದರ ಕೆಲಸವಲ್ಲ, ಅದು ಪ್ಲೇಟ್ ಕಟ್ಟನ್ನು ಆಕ್ಸಲಿಗೆ ಬಿಗಿದಿಡುವ ಯು ಆಕಾರದ ಬೋಲ್ಟ್‌ಗಳ, ಅಂದರೆ ಯು-ಬೋಲ್ಟ್‌ಗಳ ಕೆಲಸ. ಯು-ಬೋಲ್ಟ್ ಸಡಿಲವಾದ ದಿನ ಬ್ರೇಕಿನ ಹೊಡೆತ, ಹಳ್ಳದ ಹೊಡೆತ ಎಲ್ಲವೂ ಆ ಬಡಪಾಯಿ ಬೋಲ್ಟಿನ ತಲೆ ಮೇಲೆ ಬೀಳುತ್ತದೆ. ಒಂದು ದಿನ ಅದು ಕತ್ತರಿಸಿಹೋಗುತ್ತದೆ, ಆಕ್ಸಲ್ ಆ ಪಕ್ಕದಲ್ಲಿ ಜಾರುತ್ತದೆ. ಓರೆಯಾಗಲು ಬೇರೆ ಕಾರಣಗಳೂ ಉಂಟು, ಮುಂದೆ ಹೇಳುತ್ತೇನೆ. ನಾನು ಕಂಡಂತೆ ಹೆಚ್ಚಿನವು ಇಲ್ಲಿಂದಲೇ ಶುರು.

ತೊಂದರೆ ಮುಂದಿನದೋ ಹಿಂದಿನದೋ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಮೊದಲು ನಾಲ್ಕೂ ಟೈರಿನ ಗಾಳಿ ನೋಡಿ. ನಗಬೇಡಿ, ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಎಡ ಬಲ ಬದಲಿಸಿ ಓಡಿಸಿ. ಎಳೆತವೂ ಪಕ್ಕ ಬದಲಿಸಿದರೆ ತಪ್ಪು ಟೈರಿನದು, ಆಕ್ಸಲಿನದಲ್ಲ.

ಇಷ್ಟಾದ ಮೇಲೂ ತೊಂದರೆ ಉಳಿದಿದ್ದರೆ ಸ್ನೇಹಿತರ ಬೈಕಿನಲ್ಲಿ ಕೂತು ನಿಮ್ಮದೇ ಗಾಡಿಯ ಹಿಂದೆ ಹೋಗಿ. ರಸ್ತೆ ಸಪಾಟಾಗಿರಲಿ. ರಸ್ತೆಯ ಅಂಚು ಚರಂಡಿ ಕಡೆಗೆ ಇಳಿಜಾರಾಗಿದ್ದರೆ ಒಳ್ಳೆಯ ಗಾಡಿಯೂ ಎಡಕ್ಕೆ ಇಳಿಯುತ್ತದೆ. ಸ್ವಲ್ಪ ದೂರದಿಂದ ನೋಡಿದಾಗ ಕ್ಯಾಬಿನ್ ಒಂದು ದಿಕ್ಕು, ಬಾಡಿ ಒಂದು ದಿಕ್ಕು ಎಂಬಂತೆ, ಬೀದಿನಾಯಿ ಸೊಂಟ ಓರೆ ಮಾಡಿಕೊಂಡು ಓಡುವಂತೆ ಕಂಡರೆ ಹಿಂದಿನ ಆಕ್ಸಲ್ ಮೇಲೆ ಅನುಮಾನ ಪಡಬೇಕು. ಮುಂದಿನ ಅಲೈನ್‌ಮೆಂಟ್ ಮಾತ್ರ ಕೆಟ್ಟಿದ್ದರೆ ಗಾಡಿ ಎಳೆಯಬಹುದು, ಟೈರ್ ತಿನ್ನಬಹುದು, ಹೀಗೆ ಓರೆಯಾಗಿ ಓಡುವುದಿಲ್ಲ.

ಇನ್ನೊಂದು ಉಪಾಯ ನೀರು. ಭಾನುವಾರ ಬೆಳಗ್ಗೆ ಪೀಣ್ಯದ ಒಳರಸ್ತೆಗಳು ಖಾಲಿ ಇರುತ್ತವೆ. ಒಂದು ಕಡೆ ಎರಡು ಬಕೆಟ್ ನೀರು ಚೆಲ್ಲಿ, ಅದರ ಮೇಲೆ ನಿಧಾನವಾಗಿ, ಸ್ಟೀರಿಂಗ್ ಅಲುಗಿಸದೆ ನೇರ ಓಡಿಸಿ. ಒದ್ದೆ ಗೆರೆಗಳನ್ನು ಇಳಿದು ನೋಡಿ. ಹಿಂದಿನ ಚಕ್ರದ ಗೆರೆ ಮುಂದಿನದರ ಮೇಲೆಯೇ ಬರಬೇಕೆಂದಿಲ್ಲ, ಕೆಲವು ಗಾಡಿಗಳಲ್ಲಿ ಹಿಂದಿನ ಅಗಲವೇ ಬೇರೆ. ಆದರೆ ಎಡದಲ್ಲಿ ಎಷ್ಟು ಆಚೀಚೆ ಇದೆಯೋ ಬಲದಲ್ಲೂ ಅಷ್ಟೇ ಇರಬೇಕು. ಒಂದು ಕಡೆ ಹೊರಕ್ಕೆ, ಇನ್ನೊಂದು ಕಡೆ ಒಳಕ್ಕೆ ಬಂದಿದ್ದರೆ ಟೇಪ್ ತೆಗೆಯುವ ಹೊತ್ತು ಬಂತು.

ಯಾವ ಪಕ್ಕ ಸರಿದಿದೆ ಅಂತ ಸ್ಟೀರಿಂಗ್ ನೋಡಿಯೇ ಹೇಳಬಹುದಾ?

ಬಹುಮಟ್ಟಿಗೆ ಹೇಳಬಹುದು. ಎಡ ಹಿಂದಿನ ಚಕ್ರ ಹಿಂದೆ ಸರಿದರೆ ಹಿಂದಿನ ಎರಡೂ ಚಕ್ರ ಎಡಕ್ಕೆ ಮುಖ ಮಾಡುತ್ತವೆ, ಗಾಡಿಯ ಬಾಲ ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಅದನ್ನು ನೇರ ಇಡಲು ನೀವು ಸ್ಟೀರಿಂಗನ್ನು ಎಡಕ್ಕೆ ಹಿಡಿದಿರುತ್ತೀರಿ. ಅಂದರೆ ಯಾವ ಪಕ್ಕ ಹಿಂದೆ ಸರಿದಿದೆಯೋ ಸ್ಟೀರಿಂಗ್ ಆ ಪಕ್ಕಕ್ಕೇ ವಾಲಿ ನಿಲ್ಲುತ್ತದೆ. ಯಾರಾದರೂ ಈಗಾಗಲೇ ಟೈ ರಾಡ್ (ಮುಂದಿನ ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಸರಳು) ತಿರುಗಿಸಿ ಸ್ಟೀರಿಂಗ್ ನಡುವಿಗೆ ತಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಗಾಡಿ ತಂದವರನ್ನು ನಾನು ಮೊದಲು ಕೇಳುವುದು, "ಇದಕ್ಕೆ ಮುಂಚೆ ಯಾರು ಕೈ ಹಾಕಿದ್ರು?" ಅಂತ.

ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಯಾಕೆ ನಿಲ್ಲುತ್ತಿಲ್ಲ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಇದು.

ಕೋಲಾರದ ಕಡೆಯಿಂದ ಟೊಮ್ಯಾಟೊ ಕ್ರೇಟ್ ತರುವ ಒಂದು ಗಾಡಿ ನಮ್ಮಲ್ಲಿಗೆ ಬಂತು. ಒಂದೇ ತಿಂಗಳಲ್ಲಿ ಬೇರೆ ಬೇರೆ ಕಡೆ ಮೂರು ಅಲೈನ್‌ಮೆಂಟ್ ಆಗಿತ್ತು, ಮೂರು ರಸೀದಿಯೂ ಡ್ಯಾಶ್‌ಬೋರ್ಡ್ ಮೇಲೆ ಇತ್ತು. ಮೂರೂ ಕಡೆ ಮುಂದಿನ ಚಕ್ರಗಳಿಗೆ ಮಾತ್ರ ಸೆನ್ಸರ್ ಹಾಕಿ ನೋಡಿದ್ದರು. ಮುಂದಿನದು ನಿಜವಾಗಿಯೂ ಸರಿ ಇತ್ತು. ಮಾಡಿಸಿದ ದಿನ ಸ್ಟೀರಿಂಗ್ ನಡುವೆ, ವಾರ ಕಳೆದರೆ ಮತ್ತೆ ಎಡಕ್ಕೆ. ಸೆಟ್ ಮಾಡಿದ್ದು ನಿಲ್ಲುತ್ತಿಲ್ಲ ಅನ್ನುವುದೇ ದೊಡ್ಡ ಸುಳಿವು. ಎಲ್ಲೋ ಒಂದು ಕಡೆ ಏನೋ ಇನ್ನೂ ಜಾರುತ್ತಲೇ ಇದೆ ಎಂದು ಅರ್ಥ.

ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಬಲಗಡೆಯ ಸೀಟಿನ ಮೇಲೆ ವರ್ಷಗಳ ಮಣ್ಣು, ಎಣ್ಣೆ, ತುಕ್ಕು ಒಂದಾಗಿ ಗಟ್ಟಿ ಕೂತಿತ್ತು. ಎಡಗಡೆ ಪ್ಲೇಟಿನ ಅಂಚಿಗೆ ಅಂಟಿಕೊಂಡಂತೆ ಉಗುರಿನ ಅರ್ಧಚಂದ್ರದಷ್ಟು ಬೆಳ್ಳಗೆ ಹೊಳೆಯುವ ಲೋಹ, ಅದರ ಸುತ್ತ ಕುಂಕುಮದಂಥ ಕೆಂಪು ಪುಡಿ. ಲೋಹಕ್ಕೆ ಲೋಹ ಉಜ್ಜಿದಾಗ ಬರುವ ತುಕ್ಕಿನ ಪುಡಿ ಅದು. ಯು-ಬೋಲ್ಟ್ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಜೋರು ಹಾಕುವ ಮೊದಲೇ ಒಂದು ಸುತ್ತು ತಿರುಗಿತು. ಬಿಚ್ಚಿದಾಗ ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿನೊಳಗೇ ಬಿಲ್ಲೆಯ ಹಾಗೆ ಕೂತಿತ್ತು. ಅದರ ದೇಹ ಮಾತ್ರ ಪ್ಲೇಟಿನ ಜೊತೆ ಮುಂದೆ ಉಳಿದಿತ್ತು. ಎಡಗಡೆ ಆಕ್ಸಲ್ 14 ಮಿ.ಮೀ. ಹಿಂದೆ. ಮೂರು ಅಲೈನ್‌ಮೆಂಟಿನ ದುಡ್ಡು ನೀರಿಗೆ ಹೋಗಿತ್ತು, ಕೆಟ್ಟಿದ್ದ ಸಾಮಾನು ನೋಡಿದರೆ ಒಂದು ಬೋಲ್ಟು.

ಟೇಪ್ ಹಿಡಿದು ನಾವೇ ಅಳೆಯಬಹುದಾ?

ಧಾರಾಳವಾಗಿ. ಟೇಪು, ಗಾರೆಯವರ ತೂಗುಗುಂಡು, ಸೀಮೆಸುಣ್ಣ, ನೈಲಾನ್ ದಾರ, ಹಿಡಿಯಲು ಇನ್ನೊಬ್ಬರು. ಗಾಡಿ ಖಾಲಿ ಇರಲಿ, ನೆಲ ಸಿಮೆಂಟಿನ ಸಪಾಟು ನೆಲವಾಗಿರಲಿ. ಕೊನೆಯ ಹತ್ತು ಅಡಿ ಗಾಡಿಯನ್ನು ನೇರ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ರಿವರ್ಸ್‌ನಲ್ಲಿ ಬಂದು ನಿಂತರೆ ಪ್ಲೇಟಿನ ತುದಿಯ ಕಣ್ಣಿನೊಳಗೆ ಕೂರುವ ಬುಷ್‌ಗಳು ಆ ಕಡೆ ಒತ್ತಿಕೊಂಡು ಅಳತೆ ಸುಳ್ಳು ಹೇಳಬಹುದು. ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿ.

ದಾರದಿಂದ ಶುರುಮಾಡಿ. ಹಿಂದಿನ ಟೈರಿನ ಹೊರಮೈಗೆ, ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ, ಟೈರಿನ ಹಿಂದಿನ ಅಂಚು ಮುಂದಿನ ಅಂಚು ಎರಡನ್ನೂ ಮುಟ್ಟುವಂತೆ ದಾರ ಎಳೆದು ಮುಂದಿನ ಚಕ್ರದವರೆಗೆ ಬಿಗಿಯಾಗಿ ಹಿಡಿಯಿರಿ. ನೆಲದ ಹತ್ತಿರ ಹಿಡಿಯಬೇಡಿ, ಅಲ್ಲಿ ಟೈರ್ ಉಬ್ಬಿರುತ್ತದೆ. ಮುಂದಿನ ಚಕ್ರದ ನಡುಮಧ್ಯಕ್ಕೂ ದಾರಕ್ಕೂ ಎಷ್ಟು ಅಂತರ ಎಂದು ಎರಡೂ ಪಕ್ಕ ಬರೆದುಕೊಳ್ಳಿ. ಸ್ಟೀರಿಂಗ್ ನೇರ ಇರಲಿ. ದಾರದ ಗುಣ ಏನೆಂದರೆ ಅದು ಸಣ್ಣ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತದೆ. ಹಿಂದಿನ ಚಕ್ರಗಳ ನಡುವೆ 1400 ಮಿ.ಮೀ., ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ನಡುವೆ 3 ಮೀಟರ್ ಇರುವ ಗಾಡಿ ಎಂದುಕೊಳ್ಳಿ. ಆಕ್ಸಲಿನ ಒಂದು ತುದಿ ಇನ್ನೊಂದಕ್ಕಿಂತ 12 ಮಿ.ಮೀ. ಹಿಂದಿದ್ದರೆ ಕೋನ ಸುಮಾರು ಅರ್ಧ ಡಿಗ್ರಿ. ಮುಂದಿನ ಚಕ್ರದ ಹತ್ತಿರ ಬರುವಷ್ಟರಲ್ಲಿ ಒಂದು ದಾರ 26 ಮಿ.ಮೀ. ದೂರ ಹೋಗಿರುತ್ತದೆ, ಇನ್ನೊಂದು ಅಷ್ಟೇ ಹತ್ತಿರ ಬಂದಿರುತ್ತದೆ. ಎಡಬಲದ ವ್ಯತ್ಯಾಸ 50 ಮಿ.ಮೀ. ದಾಟುತ್ತದೆ. ಅದನ್ನು ಅಳೆಯಲು ಟೇಪೇ ಬೇಡ, ಕಣ್ಣಿಗೇ ಹೊಡೆಯುತ್ತದೆ.

ಆದರೆ ದಾರವನ್ನೇ ನಂಬಿ ತೀರ್ಪು ಕೊಡಬೇಡಿ. ಆಕ್ಸಲ್ ಓರೆಯಾಗದೆ ಬರೀ ಪಕ್ಕಕ್ಕೆ ಸರಿದಿದ್ದರೂ ದಾರ ವ್ಯತ್ಯಾಸ ತೋರಿಸುತ್ತದೆ. ಹಾಗಾಗಿ ಎರಡನೆಯ ಅಳತೆ ಬೇಕು. ಪ್ಲೇಟ್ ಸೆಟ್ಟಿನ ಮುಂದಿನ ಕಣ್ಣಿನ ಬೋಲ್ಟ್, ಅಂದರೆ ಚಾಸಿಗೆ ಸೇರಿರುವ ತುದಿ, ಅದರ ನಡುವಿನಿಂದ ತೂಗುಗುಂಡು ಇಳಿಸಿ ನೆಲದ ಮೇಲೆ ಗುರುತು ಹಾಕಿ. ಹಿಂದಿನ ಹಬ್ಬಿನ ನಡುವಿನಿಂದಲೂ ಹಾಗೆಯೇ. ಎರಡೂ ಪಕ್ಕ ಮುಗಿದ ಮೇಲೆ ಗಾಡಿಯನ್ನು ಆಚೆ ತಳ್ಳಿ. ಈಗ ನೆಲದ ಮೇಲೆ ನಾಲ್ಕು ಚುಕ್ಕಿ, ರಂಗೋಲಿಗೆ ಇಟ್ಟ ಹಾಗೆ. ಎಡದ ಉದ್ದ, ಬಲದ ಉದ್ದ, ಎರಡು ಮೂಲೆಗೆರೆ, ನಾಲ್ಕನ್ನೂ ಅಳೆಯಿರಿ. ಉದ್ದಗಳು ಸಮ ಇದ್ದು ಮೂಲೆಗೆರೆಗಳು ಮಾತ್ರ ಬೇರೆಯಾದರೆ ಆಕ್ಸಲ್ ಪಕ್ಕಕ್ಕೆ ಹೋಗಿದೆ. ಉದ್ದಗಳೇ ಬೇರೆಯಾದರೆ ಓರೆಯಾಗಿದೆ.

ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪ್ ಹಿಡಿಯುವವರೇ ಹೆಚ್ಚು. ಅದು ಬೇಗ ಆಗುತ್ತದೆ ನಿಜ, ಆದರೆ ವ್ಯತ್ಯಾಸ ಬಂದರೆ ಮುಂದಿನದು ಸರಿದಿದೆಯೋ ಹಿಂದಿನದೋ ಎಂದು ಅದು ಹೇಳುವುದಿಲ್ಲ.

ಎಷ್ಟು ಮಿಲಿಮೀಟರ್ ತನಕ ಪರವಾಗಿಲ್ಲ?

ಕಂಪನಿಯ ಪುಸ್ತಕದಲ್ಲಿ ಇರುವ ಮಿತಿಯೇ ಕೊನೆಯ ಮಾತು. ಕೈ ಅಂದಾಜಿನಲ್ಲಿ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: 3 ಮಿ.ಮೀ. ಒಳಗೆ ಬಂದರೆ ನನ್ನ ತೂಗುಗುಂಡೇ ಅಲುಗಾಡಿರಬಹುದು ಎಂದು ಬಿಡುತ್ತೇನೆ. 5 ಬಂದರೆ ಇನ್ನೊಮ್ಮೆ ಅಳೆಯುತ್ತೇನೆ. 10 ದಾಟಿದರೆ ಬಿಚ್ಚಿ ನೋಡದೆ ಗಾಡಿ ಕಳಿಸುವುದಿಲ್ಲ.

ವ್ಯತ್ಯಾಸ ಬಂತು. ತಪ್ಪು ಬೋಲ್ಟಿನದಾ, ಬುಷ್ಷಿನದಾ, ಹೌಸಿಂಗಿನದಾ, ಚಾಸಿಯದಾ?

ಮೊದಲು ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟಿನ ನಟ್‌ವರೆಗೆ ಎರಡೂ ಪಕ್ಕ ಅಳೆಯಿರಿ. ಅದು ಸಮವಾಗಿದ್ದೂ ಹಬ್ ಮಾತ್ರ ಹಿಂದಿದ್ದರೆ ಪ್ಲೇಟು ಇದ್ದಲ್ಲೇ ಇದೆ, ಆಕ್ಸಲ್ ಅದರ ಮೇಲೆ ಜಾರಿದೆ. ಅಂದರೆ ಬೋಲ್ಟ್ ತುಂಡಾಗಿದೆ, ಇಲ್ಲವೇ ಸೀಟಿನ ತೂತು ಸವೆದು ಮೊಟ್ಟೆಯಾಕಾರವಾಗಿದೆ. ಈ ಅಳತೆಯೇ ಬೇರೆ ಬಂದರೆ ಪ್ಲೇಟು ನೋಡಿ. ಮೇನ್ ಪ್ಲೇಟ್ ಬದಲಿಸುವಾಗ ಅಂಗಡಿಯವರು ಬೇರೆ ಮಾಡೆಲಿನದು ಕೊಟ್ಟಿರುವುದುಂಟು. ನೋಡಲು ಒಂದೇ ಥರ, ಆದರೆ ತೂತು ಕಣ್ಣಿನಿಂದ ಬೇರೆ ದೂರದಲ್ಲಿರುತ್ತದೆ. ಜೆ.ಸಿ. ರಸ್ತೆಯಲ್ಲಿ ಪ್ಲೇಟ್ ತರುವಾಗ ಹಳೆಯದನ್ನು ಜೊತೆಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿ ತನ್ನಿ.

ಬುಷ್ ಪರೀಕ್ಷೆಗೆ ಒಬ್ಬರು ಕ್ಯಾಬಿನ್ನಿನಲ್ಲಿ ಕೂರಲಿ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟು, ಇಬ್ಬರು ಬಾಡಿಯನ್ನು ಹಿಂದೆ ಮುಂದೆ ತೂಗಾಡಿಸಲಿ. ನೀವು ಪಕ್ಕದಲ್ಲಿ ಕೂತು ಮುಂದಿನ ಕಣ್ಣನ್ನು ನೋಡಿ, ಗಾಡಿಯ ಕೆಳಗೆ ತಲೆ ಹಾಕಬೇಡಿ. ಕಣ್ಣಿನೊಳಗೆ ಬೋಲ್ಟ್ ಅತ್ತಿತ್ತ ಓಡಾಡಿದರೆ ಬುಷ್ ಹೋಗಿದೆ. ಬುಷ್ ಹೋದ ಗಾಡಿ ಲೋಡ್ ಇದ್ದಾಗ ಒಂದು ಥರ, ಖಾಲಿ ಇದ್ದಾಗ ಇನ್ನೊಂದು ಥರ ಓಡುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆಯುವುದೂ ಇದರದೇ ಲಕ್ಷಣ.

ಚಾಸಿ ಬಾಗಿದ್ದರೆ ಅಳತೆ ಬೇರೆ ರೀತಿ ಮಾತಾಡುತ್ತದೆ. ಕಣ್ಣಿನಿಂದ ಹಬ್ಬಿಗೆ ಎರಡೂ ಕಡೆ ಸಮ ಬರುತ್ತದೆ, ಆದರೂ ಗಾಡಿ ಓರೆ ಓಡುತ್ತದೆ. ಆಗ ಪ್ಲೇಟಿನ ಕಣ್ಣನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಬ್ರಾಕೆಟ್ಟೇ ಜಾಗ ಬಿಟ್ಟಿರಬೇಕು, ಇಲ್ಲವೇ ಚಾಸಿಯ ಒಂದು ಕಂಬಿ ಹಿಂದಕ್ಕೆ ಹೋಗಿರಬೇಕು. ಚಾಸಿಯ ಮುಂಭಾಗದಲ್ಲಿ ಎರಡೂ ಕಡೆ ಒಂದೇ ಜಾಗದಲ್ಲಿರುವ ಕಂಪನಿ ತೂತುಗಳಿಂದ ಹಿಂದಿನ ಪ್ಲೇಟ್ ಸೆಟ್ಟುಗಳ ಮುಂದಿನ ಕಣ್ಣಿನ ಬೋಲ್ಟುಗಳಿಗೆ ಮೂಲೆಗೆರೆ ಅಳೆಯಿರಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ತಪ್ಪದೆ ಮಾಡಿ. ಹೊಸ ಪೇಂಟಿನ ಕೆಳಗೆ ಹಳೆಯ ಆಕ್ಸಿಡೆಂಟ್ ಮುಚ್ಚಿಟ್ಟು ಮಾರಿದ ಒಂದು ಗಾಡಿಯನ್ನು ನಾನೇ ಕೊಂಡು ಪಾಠ ಕಲಿತವನು.

ನಾಲ್ಕು ಚಕ್ರದ ಕಂಪ್ಯೂಟರ್ ಶೀಟ್ ಕೊಟ್ಟಿದ್ದಾರೆ. ಏನು ನೋಡಬೇಕು?

ಹಿಂದಿನ ಎಡ ಟೋ, ಹಿಂದಿನ ಬಲ ಟೋ. ಟೋ ಅಂದರೆ ಚಕ್ರ ನೇರಕ್ಕಿಂತ ಎಷ್ಟು ಒಳಕ್ಕೆ (ಪ್ಲಸ್) ಅಥವಾ ಹೊರಕ್ಕೆ (ಮೈನಸ್) ಮುಖ ಮಾಡಿದೆ ಎಂಬ ಕೋನ. ಎರಡನ್ನೂ ಕೂಡಿಸಿ ನೋಡಿ.

ಎಡ 0.25 ಡಿಗ್ರಿ, ಬಲ ಮೈನಸ್ 0.25 ಎಂದಿದ್ದರೆ ಮೊತ್ತ ಸೊನ್ನೆ. ಎರಡು ಚಕ್ರವೂ ಒಂದಕ್ಕೊಂದು ನೆಟ್ಟಗಿವೆ, ಇಡೀ ಆಕ್ಸಲ್ ತಿರುಗಿದೆ. ಬೋಲ್ಟ್, ಬುಷ್, ಬ್ರಾಕೆಟ್ ಕಡೆ ಹೋಗಿ. ಎಡ 0.40, ಬಲ 0.05 ಎಂದಿದ್ದರೆ ಮೊತ್ತ 0.45. ಗಟ್ಟಿ ಹೌಸಿಂಗಿನಲ್ಲಿ ಎರಡು ಚಕ್ರ ಒಂದಕ್ಕೊಂದು ಓರೆ ನಿಲ್ಲಲು ಹೌಸಿಂಗ್ ಬಾಗಿರಲೇಬೇಕು, ಇಲ್ಲವೇ ಬೇರಿಂಗ್ ಆಟವಾಡುತ್ತಿರಬೇಕು. ಚಕ್ರ ಎತ್ತಿ ಕೈಯಲ್ಲಿ ಅಲುಗಿಸಿ ಮೊದಲು ಬೇರಿಂಗ್ ನೋಡಿಬಿಡಿ. ಶೀಟಿನಲ್ಲಿ ಥ್ರಸ್ಟ್ ಆಂಗಲ್ ಎಂದು ಇನ್ನೊಂದು ಸಾಲು ಇರುತ್ತದೆ, ಹಿಂದಿನ ಆಕ್ಸಲ್ ಗಾಡಿಯನ್ನು ತಳ್ಳುವ ದಿಕ್ಕು ಎಷ್ಟು ಓರೆ ಎಂಬುದು. ಎಡ ಟೋದಿಂದ ಬಲ ಟೋ ಕಳೆದು ಎರಡರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಅದು. ಮೇಲಿನ ಮೊದಲ ಲೆಕ್ಕದಲ್ಲಿ ಅದು 0.25.

ಕೆಲವರು ಹಿಂದಿನದನ್ನು ಹಾಗೇ ಬಿಟ್ಟು, ಮುಂದಿನ ಚಕ್ರಗಳನ್ನು ಈ ಓರೆಗೆ ಹೊಂದಿಸಿ ಸ್ಟೀರಿಂಗ್ ನೇರ ಮಾಡಿಕೊಡುತ್ತಾರೆ. ಕೋನ ತೀರಾ ಸಣ್ಣದಿದ್ದು ಎಲ್ಲವೂ ಬಿಗಿಯಾಗಿದ್ದರೆ ಸರಿ. ಬೋಲ್ಟ್ ತುಂಡಾದ ಗಾಡಿಗೆ ಹಾಗೆ ಮಾಡಿದರೆ ರೋಗಿಗೆ ಪೌಡರ್ ಹಚ್ಚಿ ಕೂರಿಸಿದಂತೆ.

ಟೈರ್ ಏನೂ ಸವೆದಿಲ್ಲ. ಹಾಗಾದರೆ ಆಕ್ಸಲ್ ಸರಿ ಇದೆ ಅಲ್ವಾ?

ಅಲ್ಲ. ಇಡೀ ಆಕ್ಸಲ್ ತಿರುಗಿದ್ದರೆ ಹಿಂದಿನ ಎರಡೂ ಚಕ್ರ ಒಂದೇ ದಿಕ್ಕಿಗೆ ನೆಮ್ಮದಿಯಾಗಿ ಉರುಳುತ್ತವೆ, ಮುಂದಿನವೂ ರಸ್ತೆಯ ದಿಕ್ಕಿಗೇ ಇರುತ್ತವೆ. ಸವೆತ ಕಾಣದೆಯೂ ಇರಬಹುದು. ಹೌಸಿಂಗ್ ಬಾಗಿದ್ದರೆ ಮಾತ್ರ ಹಿಂದಿನ ಟೈರಿನ ಒಂದು ಅಂಚು ಬೇಗ ತಿನ್ನುತ್ತದೆ.

ಲೋಡಿಗೆ ಅಂತ ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಪ್ಲೇಟ್ ಹೆಚ್ಚಾದಂತೆ ಕಟ್ಟು ದಪ್ಪವಾಗುತ್ತದೆ. ಹಳೆಯ ಯು-ಬೋಲ್ಟ್ ಉದ್ದ ಸಾಲದೆ ನಟ್ಟಿಗೆ ಮೂರು ನಾಲ್ಕು ಸುತ್ತಿನ ಥ್ರೆಡ್ ಮಾತ್ರ ಸಿಗುತ್ತದೆ. ಸೆಂಟರ್ ಬೋಲ್ಟನ್ನೂ ಉದ್ದದ್ದು ಹಾಕಬೇಕು, ತಲೆಯ ದಪ್ಪ ಸೀಟಿನ ತೂತಿಗೆ ಸರಿಹೊಂದಬೇಕು. ಸಣ್ಣ ತಲೆಯ ಮಾಮೂಲಿ ಬೋಲ್ಟ್ ತೂರಿಸಿ ಕಳಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಗಾಡಿಯ ಆಕ್ಸಲ್ ಮೊದಲ ದಿನವೇ ತೂತಿನೊಳಗೆ ಓಡಾಡುತ್ತದೆ. ಪ್ಲೇಟ್ ಹೆಚ್ಚಿಸಿದ ಮಾತ್ರಕ್ಕೆ ಹೌಸಿಂಗು, ಬ್ರೇಕು, ಬೇರಿಂಗು ಗಟ್ಟಿಯಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಯಾರೂ ಕೇಳುವುದಿಲ್ಲ.

ಹೌಸಿಂಗ್ ಅಥವಾ ಪ್ಲೇಟನ್ನು ಬಿಸಿ ಮಾಡಿ ತಿದ್ದಬಹುದು ಅಂತಾರೆ. ಮಾಡಿಸಲಾ?

ಪ್ಲೇಟಿಗೆ ಗ್ಯಾಸ್ ಬೆಂಕಿ ತೋರಿಸುವವರ ಕೈಗೆ ಗಾಡಿ ಕೊಡಬೇಡಿ. ಸ್ಪ್ರಿಂಗ್ ಉಕ್ಕಿನ ಹದ ಹೋದರೆ ಆ ಜಾಗದಲ್ಲೇ ಮುರಿಯುತ್ತದೆ. ಬಾಗಿದ ಹೌಸಿಂಗನ್ನು ನಾನು ಬದಲಿಸಿ ಎಂದೇ ಹೇಳುವುದು.

ರಿಪೇರಿ ಮಾಡುವಾಗ ಎದುರು ನಿಂತು ಏನೇನು ಗಮನಿಸಬೇಕು?

ಯು-ಬೋಲ್ಟ್ ಹೊಸದಾಗಿರಬೇಕು. ಒಮ್ಮೆ ಬಿಗಿದು ಎಳೆದ ಯು-ಬೋಲ್ಟನ್ನು ವೈರ್ ಬ್ರಷ್ ಹಾಕಿ ಮತ್ತೆ ಕೂರಿಸುವುದು ಉಳಿತಾಯ ಅಲ್ಲ. ಪ್ಲೇಟು ಕೂರುವ ಸೀಟಿನ ಮೇಲೆ ಮಣ್ಣು, ಪೇಂಟಿನ ಪದರ ಉಳಿಯದಂತೆ ಉಜ್ಜಿಸಿ. ಬೋಲ್ಟಿನ ತಲೆ ತೂತಿನಲ್ಲಿ ಪೂರ್ತಿ ಇಳಿದಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬಿಗಿಯಲು ಬಿಡಿ. ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ. ರಬ್ಬರ್ ಬುಷ್ ಇರುವ ಕಣ್ಣಿನ ಬೋಲ್ಟಿಗೂ ಇದೇ ಮಾತು. ಜಾಕ್ ಮೇಲೆ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಆಕ್ಸಲ್ ಜಾರಿದ್ದಾಗ ಜೊತೆಗೆ ಎಳೆದಾಡಿದ್ದನ್ನೂ ನೋಡಿಸಿ: ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಮುಂದಿನ ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ, ಅದೂ ನಾಲ್ಕೂ ಚಕ್ರಕ್ಕೆ ಸೆನ್ಸರ್ ಹಾಕುವ ಕಡೆ.

ರಾತ್ರಿ ನೈಸ್ ರಸ್ತೆಯಲ್ಲಿ ಲೋಡ್ ಇರುವಾಗ ಬೋಲ್ಟ್ ತುಂಡಾದ ಹಾಗೆ ಅನಿಸಿತು. ಮಾರುಕಟ್ಟೆ ತನಕ ಓಡಿಸಬಹುದಾ?

ಬ್ರೇಕ್ ಹಿಡಿದಾಗ ಹಿಂದಿನಿಂದ ಟಣ್ ಅಂತ ಒಂದೇ ಏಟಿನ ಸದ್ದು, ಆ ಕ್ಷಣದಿಂದಲೇ ಸ್ಟೀರಿಂಗ್ ಒಂದು ಕಡೆಗೆ ವಾಲಿದ್ದರೆ ಅನುಮಾನವೇ ಬೇಡ. ಇಂಡಿಕೇಟರ್ ಹಾಕಿ ಅಂಚಿಗೆ ತನ್ನಿ. ಟಾರ್ಚ್ ಹಿಡಿದು ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗವನ್ನು ಎರಡೂ ಕಡೆ ಹೋಲಿಸಿ, ಬ್ರೇಕ್ ಹೋಸ್ ಎಳೆದುಕೊಂಡಿದೆಯಾ ನೋಡಿ. ಟೈರ್ ಎಲ್ಲಾದರೂ ತಾಗುತ್ತಿದ್ದರೆ, ಹೋಸ್ ಬಿಗಿಯಾಗಿದ್ದರೆ, ಇಲ್ಲವೇ ಯು-ಬೋಲ್ಟ್ ಕೈಗೆ ಅಲುಗಾಡಿದರೆ ಅಲ್ಲೇ ನಿಲ್ಲಿಸಿ ಬೇರೆ ಗಾಡಿ ಕರೆಸಿ ಸರಕು ಬದಲಿಸಿ. ಖಾಲಿ ಗಾಡಿಯನ್ನು ಟೋ ಮಾಡಿಸಿ ತನ್ನಿ. ಟೋ ಮಾಡುವವರಿಗೆ ಹಿಂದಿನ ಚಕ್ರ ಎತ್ತಿ ಎಳೆಯಲು ಹೇಳಿ. ಹೊಸ ಬೋಲ್ಟ್ ಹಾಕಿಸಿದ ಮೇಲೆ 500 ಕಿಲೋಮೀಟರ್ ಆಸುಪಾಸಿನಲ್ಲಿ ಒಮ್ಮೆ ಬಂದು ಯು-ಬೋಲ್ಟ್ ಮತ್ತೆ ಬಿಗಿಸಿಕೊಂಡು ಹೋಗಿ. ನಮ್ಮಲ್ಲಿ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೂ ಹತ್ತರಲ್ಲಿ ಮೂವರೂ ಬರುವುದಿಲ್ಲ.